ಮಾವ ಮಾಡದ ಪ್ರಮಾಣ

ನಾನು ಯಳಂದೂರು ಕಡೆಯ ಅಗರದ ಮಗಳು. ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದ ಕಾಲದಲ್ಲಿ ನಮ್ಮೂರು ಮೈಸೂರಿಗೆ ಸೇರಿತ್ತು, ಗಂಡನ ಊರು ಮದ್ರಾಸಿಗೆ. ಹಾಗಾಗಿ ಮಾವನವರ ಹೆಸರಿಗೆ ಬಂದ ಸಮನ್ಸು ತಮಿಳಿನಲ್ಲಿತ್ತು. ಕೋರ್ಟಿನ ಅಮೀನ ಜಗಲಿಯ ಮೇಲೆ ಕೂತು, ನಾನು ಕೊಟ್ಟ ಮಜ್ಜಿಗೆ ಕುಡಿದು, ಅದನ್ನು ಕನ್ನಡದಲ್ಲಿ ಹೇಳಿದ. ಮಾವನಿಗೆ ಸಾಲ ಕೊಟ್ಟಿದ್ದ ಯಜಮಾನರು ತೀರಿಕೊಂಡಿದ್ದರು. ಅವರ ಮಗ ಅಸಲು, ಬಡ್ಡಿ ಎರಡಕ್ಕೂ ದಾವೆ ಹೂಡಿದ್ದ.

ಮಾವ ರೇಷ್ಮೆಗೂಡಿನ ವ್ಯಾಪಾರಿ. ಹನೂರು, ಕೌದಳ್ಳಿ ಕಡೆಯಿಂದ ಗಾಡಿಯಲ್ಲಿ ಗೂಡು ತಂದು ಪೇಟೆಯಲ್ಲಿ ಮಾರುತ್ತಿದ್ದರು. ಆ ಗಾಡಿ, ಆ ಜೋಡಿ ಎತ್ತು ಹೋದರೆ ಮನೆಯ ಒಲೆ ಆರಿದಂತೆಯೇ.

"ದುಡ್ಡು ಕೊಟ್ಟಾಯ್ತಲ್ಲ ಮಾವ, ಸಾಲದ ಪತ್ರ ವಾಪಸ್ ಈಸ್ಕೊಳ್ನಿಲ್ವ?" ಎಂದೆ.

"ಒಂದೇ ಮಠದೋರು ಕಣವ್ವಾ. ಪತ್ರ ಕೊಡಿ ಅಂತ ಎಂಗ್ ಕೇಳದು?"

ಇದಕ್ಕೇನು ಹೇಳುವುದು? ಲಕ್ಷಣವಾಗಿ ದುಡ್ಡು ಎಣಿಸಿಕೊಟ್ಟು, ಪತ್ರ ಕೇಳಲು ನಾಚಿಕೊಂಡು ಬಂದ ಮಹಾನುಭಾವರು! ಅತ್ತೆಯೂ ನಾನೂ ಅಡುಗೆಮನೆಯಲ್ಲಿ ಆ ಮಠಕ್ಕೂ ಸೇರಿಸಿ ಬೈದುಕೊಂಡೆವು. ವಕೀಲರು ಮಾತ್ರ ತಲೆ ಕೆಡಿಸಿಕೊಳ್ಳದೆ ಸಾಲವೆಲ್ಲ ಪೂರ್ತಿ ತೀರಿದೆ ಎಂದು ಜವಾಬು ಬರೆದು ಹಾಕಿದರು.

ವಿಚಾರಣೆಯ ದಿನ ಆ ಮಗ ಎದ್ದು ನಿಂತು ಒಂದು ಮಾತು ಹೇಳಿದನಂತೆ. "ಇವರು ಕೊರಳ ಲಿಂಗ ಅಂಗೈಲಿಟ್ಕಂಡು, ಅಷ್ಟೂ ಕೊಟ್ಟಿವ್ನಿ ಅಂತ ಯೋಳ್ಬುಡ್ಲಿ ಸಾ. ನಂಗೇನೂ ಬ್ಯಾಡ." ಎರಡೂ ಕಡೆಯವರು ಒಪ್ಪಿದರೆ ಆಗಿನ ಕೋರ್ಟು ಅಂಥ ಪ್ರಮಾಣವನ್ನು ಒಪ್ಪುತ್ತಿತ್ತು. ನಮಗೆ ಹೋದ ಜೀವ ಬಂದಂತಾಯಿತು. ಪ್ರಮಾಣದ ಬೆಳಿಗ್ಗೆ ಅತ್ತೆ ತಾವೇ ನೀರು ಕಾಯಿಸಿ, ಮಡಿ ಪಂಚೆ ಕೊಟ್ಟರು.

ಬೀದಿಯ ಬಸವಣ್ಣನ ಗುಡಿಯಲ್ಲಿ ಅಮೀನನ ಎದುರು ಮಾವ ಎಡ ಅಂಗೈಯಲ್ಲಿ ಲಿಂಗ ಹಿಡಿದು ನಿಂತರು. ಬಾಯಿ ತೆರೆದರು, ಮುಚ್ಚಿದರು. ಕೊನೆಗೆ ಆ ಮಗನ ಕಡೆ ತಿರುಗಿದರು.

"ಅಸಲು ಕೊಟ್ಟಿವ್ನಿ. ಬಡ್ಡಿಯ ನಿಮ್ಮಪ್ಪ ಬುಟ್ರೋ, ಆಮೇಲ್ ಕೊಡು ಅಂದ್ರೋ, ನಂಗೆ ನೆಪ್ಪಿಲ್ಲ."

"ಅಷ್ಟೂ ಅಂತ ಅಂದ್ಬುಡಿ, ಗಾಡಿ ಉಳಿತದೆ," ಎಂದು ಅತ್ತೆ ಎಲ್ಲರ ಮುಂದೆಯೇ ಹೇಳಿದರು. ನಾನೂ ಮನಸ್ಸಿನಲ್ಲಿ ಅದನ್ನೇ ಹೇಳುತ್ತಿದ್ದೆ. ಮಾವ ಲಿಂಗವನ್ನು ಮತ್ತೆ ಕೊರಳಿಗೆ ಕಟ್ಟಿಕೊಂಡರು.

ಅಸಲಿನ ಮಾತನ್ನು ಆ ಮಗ ಮರುಮಾತಿಲ್ಲದೆ ಒಪ್ಪಿದ. ಬಡ್ಡಿಗೆ ಡಿಕ್ರಿಯಾಯಿತು. ವರ್ಷಗಟ್ಟಲೆ ಬೆಳೆದ ಬಡ್ಡಿ, ಸಣ್ಣದೇನಲ್ಲ. ಎತ್ತು, ಗಾಡಿ ಎರಡನ್ನೂ ಮಾರಿ ಕಟ್ಟಿದೆವು. ಮುಂದೆ ಬಹಳ ಕಾಲ ಮಾವನೂ ನನ್ನ ಗಂಡನೂ ಕೌದಳ್ಳಿಯಿಂದ ಕಂಡವರ ಗಾಡಿಯಲ್ಲಿ ಗೂಡು ಹೇರಿಸಿಕೊಂಡು, ಬಾಡಿಗೆ ಉಳಿಸಲು ಪಕ್ಕದಲ್ಲಿ ನಡೆದುಕೊಂಡು ಬಂದರು.

ಕೊಂಡವರು ಎತ್ತು ಹೊಡೆದುಕೊಂಡು ಹೋದ ದಿನ ನನಗೆ ಸಿಟ್ಟು ನೆತ್ತಿಗೇರಿತ್ತು. ಸಂಜೆ ಮಾವ ಎಂದಿನಂತೆ ಕೈಕಾಲು ತೊಳೆದು ಪೂಜೆಗೆ ಕೂತರು. ವಿಭೂತಿ ತಟ್ಟೆಯನ್ನು ಸದ್ದು ಬರುವ ಹಾಗೆ ಮುಂದಿಟ್ಟೆ.

"ನಿಂಗೂ ಕ್ವಾಪನೇನವ್ವಾ?"

"ಊಂ, ಮಾವ."

ಅವರು ಬೇಸರ ಮಾಡಿಕೊಳ್ಳಲಿಲ್ಲ. ಲಿಂಗವನ್ನು ಬಿಚ್ಚಿ ಎಡ ಅಂಗೈಗೆ ಇಳಿಸಿಕೊಂಡು, ಅದನ್ನೇ ನೋಡುತ್ತ ಹೇಳಿದರು.

"ಅವತ್ತು ಅಂದ್ಬುಟ್ಟಿದ್ರೆ, ಇವತ್ತು ಇದ ಯಾವ್ ಕೈಲಿ ಇಡ್ಕೊಳ್ಲಿ?"

ಪೂಜೆ ಮುಗಿಯುವವರೆಗೂ ಅಲ್ಲೇ ಕೂತಿದ್ದು, ಆಮೇಲೆ ಎದ್ದು ಬಿಸಿಮುದ್ದೆ ಬಡಿಸಿದೆ.