ರಾಜನ ಸಿಟ್ಟು, ಅಕ್ಕನ ಸಿಟ್ಟು

ಏಳನೇ ಕ್ಲಾಸಿನ ಪರೀಕ್ಷೆ ಶುರುವಾದ ಸೋಮವಾರ ನಾನು ಮೊದಲ ಸಲ ಮನೆ ಬಿಟ್ಟೆ. ಆಮೇಲೆ ಎಲ್ಲೂ ನಿಲ್ಲಲಿಲ್ಲ. ಈಗ ಪರದೇಶದ ಬೆಲ್ವ್ಯೂ ಅನ್ನೋ ಊರಲ್ಲಿ ಪುರಾತನ ವಸ್ತುಗಳ ಒಂದು ಪ್ರದರ್ಶನಕ್ಕೆ ಪೆಟ್ಟಿಗೆ ಬಿಚ್ಚಿ ಜೋಡಿಸುವ ಕೆಲಸ.

ಒಂದರಲ್ಲಿ ಅಂಗೈಯಗಲದ ಮಣ್ಣಿನ ಹಲಗೆಯ ನಕಲು ಸಿಕ್ಕಿತು. ವಿವರಣೆ ಕೊಡುವ ಧಾರವಾಡದ ಮೇಡಂ ಹೇಳಿದರು: "ಬ್ಯಾಬಿಲೋನಿನ ರಾಜ ಈಜಿಪ್ಟಿನ ರಾಜಗ ಬರೆಸಿದ ಪತ್ರರೀ ಇದು. ತನಗ ಆರಾಮಿಲ್ಲದಾಗ ವಿಚಾರಿಸಾಕ ಒಬ್ಬರನ್ನೂ ಕಳಿಸಲಿಲ್ಲಂತ ಸಿಟ್ಟು."

"ಆಮೇಲೆ?"

"ದಾರಿ ಭಾಳ ದೂರಂತ ದೂತ ಹೇಳಿದ ಮ್ಯಾಲೆ ಇಳೀತಂತ."

ಅಕ್ಕನ ಆಪರೇಷನ್ ಆಗಿ ತಿಂಗಳಾಗಿತ್ತು, ನಾನು ವಿಚಾರಿಸಿರಲಿಲ್ಲ. ಅವಳ ದನಿ ಕೇಳಬೇಕೆನಿಸಿ, ಅಲ್ಲಿಂದಲೇ ಮೈಸೂರಿಗೆ ಫೋನ್ ಮಾಡಿದೆ. "ತುಂಬಾ ದೂರ ಇದ್ದೆ ಕಣಕ್ಕ" ಎಂದೆ.

"ಫೋನಿಗ್ಯಾವ ದೂರನೋ?" ಎಂದವಳು ಅತ್ತುಬಿಟ್ಟಳು.

ರಾಜರ ಹತ್ತಿರ ನಡೆದ ನೆಪ ನಮ್ಮನೆಯಲ್ಲಿ ನಡೆಯುವುದಿಲ್ಲ. ಮೈಸೂರಿಗೆ ಟಿಕೆಟ್ ಆಗಿದೆ, ಬಟ್ಟೆ ತುಂಬುತ್ತಿದ್ದೇನೆ.