ಅಪ್ಪನಿಗೆ ಒಂದು ಹೋಟೆಲ್ ರೂಮು

ನಮ್ಮಪ್ಪ ಅರವತ್ತೆಂಟು ವರ್ಷದ ತನಕ ಒಂದು ರಾತ್ರಿಯನ್ನೂ ಹೋಟೆಲಿನಲ್ಲಿ ಕಳೆದವನಲ್ಲ. ಊರಿಗೆ ಹೋದರೆ ನಂಟರ ಮನೆ, ಮದುವೆಗೆ ಹೋದರೆ ಮಂಟಪದ ಜಮಖಾನ. ಸೇಲಂನಲ್ಲಿ ನಮ್ಮದು ಕನ್ನಡ ಮಾತಾಡುವ ನೇಕಾರರ ಬೀದಿ. ಕಾಸು ಕೊಟ್ಟು ಮಲಗುವ ಅಭ್ಯಾಸ ಅಲ್ಲಿ ಯಾರಿಗೂ ಇಲ್ಲ. ಬೆಂಗಳೂರಿನ ಆಚೆ ಇರುವ ನೀರಾಟದ ಪಾರ್ಕಿಗೆ ಹೋಗಲೇಬೇಕೆಂದು ಮಗಳು ರಜೆಯಲ್ಲಿ ಹಟ ಹಿಡಿದಾಗ ನಾನು ಒಪ್ಪಿದ್ದು ಪಾರ್ಕಿನ ಆಸೆಗಲ್ಲ. ದಾರಿಯಲ್ಲಿ ಸಿಗುವ ಧರ್ಮಪುರಿಯಲ್ಲಿ ಒಂದು ರಾತ್ರಿ ಅಪ್ಪನನ್ನು ಒಳ್ಳೆಯ ಹೋಟೆಲಿನ ಬಿಳಿ ಹಾಸಿಗೆಯ ಮೇಲೆ, ನನ್ನ ಸಂಬಳದಲ್ಲಿ ಮಲಗಿಸಬೇಕು. ವಾಪಸು ಬಂದು ಅವನು ಅದನ್ನು ಬೀದಿಯಲ್ಲಿ ನಾಲ್ಕು ಜನಕ್ಕೆ ಹೇಳಬೇಕು. ನನಗೆ ಬೇಕಾಗಿದ್ದು ಅದು.

ನಾನು ನಮ್ಮ ಮನೆಯ ಮೊದಲ ಪದವೀಧರೆ. ಜಂಬಕ್ಕೆ ಹೇಳುತ್ತಿಲ್ಲ, ಸರ್ಕಾರವೇ ಸೀಲು ಹಾಕಿ ಕೊಟ್ಟಿದೆ. ಮನೆಯಲ್ಲಿ ಇದಕ್ಕೂ ಮುಂಚೆ ಯಾರೂ ಡಿಗ್ರಿ ಓದಿಲ್ಲವೆಂದು ತಾಲೂಕು ಆಫೀಸಿನಿಂದ ಸರ್ಟಿಫಿಕೇಟ್ ತಂದರೆ ನಮ್ಮ ಕಡೆ ಇಂಜಿನಿಯರಿಂಗ್ ಫೀಸು ಇಳಿಯುತ್ತದೆ. ಅದಕ್ಕಾಗಿ ಅಪ್ಪ ಮಗ್ಗ ಬಿಟ್ಟು ಮೂರು ದಿನ ಸಾಲಿನಲ್ಲಿ ನಿಂತ. ಒಂದೊಂದು ಮೇಜಿನ ಮುಂದೆಯೂ ನಮ್ಮನೇಲಿ ಯಾರೂ ಓದಿಲ್ಲ ಎಂದು ಹೇಳಿದ. ಕೊನೆಗೆ ಕಾಗದ ಹಿಡಿದು ನಗುತ್ತಾ ಬಂದ.

"ದಡ್ಡ ಅಂತ ಒಪ್ಕೊಂಡ್ರೆ ಸೀಲ್ ಆಕ್ತಾರೆ ಕಣಮ್ಮ. ಇಷ್ಟ್ ಸುಲಭ ಅಂತ ಗೊತ್ತಿದ್ದಿದ್ರೆ ಮೊದ್ಲೇ ಓಗ್ತಿದ್ದೆ."

ಆ ಕಾಗದದಿಂದಲೇ ನಾನು ಇಂದು ಸರ್ಕಾರಿ ಆಫೀಸಿನಲ್ಲಿ ಇಂಜಿನಿಯರು.

ಹೊರಡುವ ಹಿಂದಿನ ದಿನ ಅಪ್ಪ ಗೋಡೆಯ ಮೇಲಿನ ದಿನದ ಕ್ಯಾಲೆಂಡರಿನ ಹಾಳೆ ಎತ್ತಿ ನೋಡಿದ. "ನಾಳಿದ್ದು ದೊಡ್ಡ ಮುಹೂರ್ತ ಐತೆ. ಮದ್ವೆ ಜನ ಎಲ್ಲಾ ನಾಳೇನೇ ಬಂದು ಇಳ್ಕೊಂಡ್‌ಬಿಡ್ತಾರೆ. ಧರ್ಮಪುರೀಲಿ ರೂಮ್ ಸಿಕ್ಕಾಕಿಲ್ಲ. ಇನ್ನೊಂದ್ ವಾರ ಬಿಟ್ಟು ಓಗಾನ."

"ಫೋನಲ್ಲೇ ಬುಕ್ ಆಗೈತೆ ಅಪ್ಪ. ನಿಂಗೆ ಇದೆಲ್ಲ ತಿಳಿಯಲ್ಲ, ಸುಮ್ನಿರು."

ಅವನು ಎತ್ತಿದ್ದ ಹಾಳೆಯನ್ನು ಇಳಿಬಿಟ್ಟ.

ಮಾರನೆಯ ದಿನ ಊಟ ಮುಗಿಸಿ ಹೊರಟೆವು. ನನ್ನ ಗಂಡ ಕಾರು ಓಡಿಸುತ್ತಿದ್ದ, ಹಿಂದಿನ ಸೀಟಿನಲ್ಲಿ ಅಪ್ಪ ಮತ್ತು ಮಗಳು. ತೊಪ್ಪೂರು ಘಾಟಿನಲ್ಲಿ ಲಾರಿಯೊಂದು ಮಗುಚಿ ಎರಡು ಗಂಟೆ ಅಲ್ಲೇ ಕಳೆಯಿತು. ಧರ್ಮಪುರಿ ಮುಟ್ಟುವಾಗ ಅಂಗಡಿಗಳಲ್ಲಿ ದೀಪ ಹತ್ತಿತ್ತು. ನಾವು ಬುಕ್ ಮಾಡಿದ್ದ ಹೋಟೆಲಿನ ಮುಂದೆ ಬಾಳೆಗಿಡ ಕಟ್ಟಿದ ವ್ಯಾನುಗಳು ನಿಂತಿದ್ದವು. ಮದುವೆ ಪಾರ್ಟಿ ಮೇಡಂ, ಫುಲ್ ಎಂದ ಅಲ್ಲಿನ ಗುಮಾಸ್ತ. ನಾನು ಫೋನಿನ ಮೆಸೇಜು ತೋರಿಸಿದೆ, ಅವನು ತನ್ನ ರಿಜಿಸ್ಟರು ತೋರಿಸಿದ. ಅವನ ರಿಜಿಸ್ಟರೇ ಗೆದ್ದಿತು. ಎರಡನೆಯ ಲಾಡ್ಜಿನ ಕೆಳಗೆ ಬಾರು. ಅಲ್ಲಿ ನನ್ನ ಗಂಡ ಕಾರನ್ನೇ ನಿಲ್ಲಿಸಲಿಲ್ಲ. ಮೂರನೆಯ ಕಡೆ ಗುಮಾಸ್ತ ಅಪ್ಪನ ಮಡಿಸಿ ಕಟ್ಟಿದ ಪಂಚೆಯನ್ನೂ ಹೆಗಲ ಮೇಲಿನ ಟವೆಲನ್ನೂ ನೋಡಿ, ನಿಮ್ಮ ಮೂವರಿಗೆ ರೂಮು ಕೊಡಬಹುದು, ನಿಮ್ಮ ಆಳು ಡ್ರೈವರುಗಳ ಜೊತೆ ಹಿಂದಿನ ಶೆಡ್ಡಿನಲ್ಲಿ ಮಲಗಲಿ ಎಂದ.

"ಅವರು ನನ್ನ ತಂದೆ" ಎಂದೆ, ಸುತ್ತ ಇದ್ದವರೆಲ್ಲ ತಿರುಗುವಷ್ಟು ಜೋರಾಗಿ. ಹಾಗೆಯೇ ತಿರುಗಿ ಬಂದು ಕಾರು ಹತ್ತಿದೆ. ನನ್ನ ಬಗ್ಗೆ ನನಗೇ ಹೆಮ್ಮೆಯಾಗಿತ್ತು.

ಅಪ್ಪ ಹಿಂದಿನಿಂದ ನಕ್ಕ. "ಮಲಗಾಕೂ ಪರೀಕ್ಷೆ ಇಟ್ಟವ್ರೆ ನೋಡಮ್ಮ. ನೀ ಪಾಸು, ನಾ ಫೇಲು."

ನಾಲ್ಕನೆಯ ಹೋಟೆಲು ಕೃಷ್ಣಗಿರಿ ರಸ್ತೆಯಲ್ಲಿತ್ತು. ದೊಡ್ಡದು, ಒಳಗೆ ತಣ್ಣಗಿತ್ತು. ಒಂದೇ ಒಂದು ಫ್ಯಾಮಿಲಿ ರೂಮು ಉಳಿದಿದೆ ಎಂದು ಮ್ಯಾನೇಜರು ಫಾರಂ ಕೊಟ್ಟ. ನಾನು ಬರೆಯುತ್ತಾ ನಿಂತೆ. ನನ್ನ ಗಂಡ ಬ್ಯಾಗು ತರಲು ಹೊರಗೆ ಹೋದ.

ಲಾಬಿಯ ನಡುವೆ ಹಳೆಯದೊಂದು ಕೈಮಗ್ಗವನ್ನು ಅಲಂಕಾರಕ್ಕೆ ಇಟ್ಟಿದ್ದರು. ಸುತ್ತ ಬಿಳಿ ಕಲ್ಲು, ಮೇಲೆ ಹಳದಿ ಬಲ್ಬು. ಮದುವೆಗೆ ಬಂದಿದ್ದ ಮಕ್ಕಳು ಶೂ ಕಾಲಲ್ಲೇ ಅದರ ಹಲಗೆ ಹತ್ತಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಮ್ಮ ಮನೆಯಲ್ಲಿ ಮಗ್ಗದ ಹತ್ತಿರ ಚಪ್ಪಲಿ ಸುಳಿಯುವಂತಿಲ್ಲ. ಮರ ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಯಾರೂ ಕೂರುವುದಿಲ್ಲ. ಕಣ್ಣಿಗೆ ಬಿದ್ದ ಹರಿದ ಎಳೆಯನ್ನು ಕೂಡಿಸದೆ ಏಳುವುದೂ ಇಲ್ಲ. ಅನ್ನ ಆರಿಹೋಗಲಿ, ಬಾಗಿಲಲ್ಲಿ ನೆಂಟರು ನಿಂತಿರಲಿ.

ಅಪ್ಪ ಚಪ್ಪಲಿ ಬಿಟ್ಟ. ಮಕ್ಕಳನ್ನು ಇಳಿಸಿದ. ಮರ ಮುಟ್ಟಿ ಕಣ್ಣಿಗೊತ್ತಿಕೊಂಡು ಹಲಗೆಯ ಮೇಲೆ ಕೂತ. ಉದ್ದಕ್ಕೆ ಬಿಗಿದಿದ್ದ ಹಾಸಿನ ಎಳೆಗಳು ಹತ್ತಾರು ಕಡೆ ಹರಿದಿದ್ದವು, ಅವನ್ನು ಯಾರೋ ಗೋಂದು ಹಚ್ಚಿ ಅಡ್ಡಾದಿಡ್ಡಿ ಅಂಟಿಸಿದ್ದರು. ಅಪ್ಪ ಸೊಂಟದ ಚೀಲದಿಂದ ಸಣ್ಣ ಬ್ಲೇಡು ತೆಗೆದು ಗೋಂದಿನ ತುದಿಗಳನ್ನು ಕತ್ತರಿಸಿ, ಎಳೆಗೆ ಎಳೆ ಸೇರಿಸಿ ಬೆರಳಲ್ಲಿ ಹೊಸೆಯತೊಡಗಿದ.

"ತಾತಾ, ಎನ್ನ ಪಣ್ರೀಂಗ?" ಏನು ಮಾಡುತ್ತಿದ್ದೀರಿ ಎಂದು ಮಗಳು ಕೇಳಿದಳು. ಅವಳ ಬಾಯಿಗೆ ತಮಿಳೇ ಮೊದಲು ಬರುವುದು.

"ಗಾಯ ಆಗೈತೆ ಕಂದ. ಕಟ್ಟಾಕ್ತಿವ್ನಿ."

ಮ್ಯಾನೇಜರು ಓಡಿಬಂದ. ಶೋಪೀಸನ್ನು ಕತ್ತರಿಸುತ್ತಿದ್ದಾನಲ್ಲ, ಯಾರಿವನು, ಯಾರ ಜೊತೆ ಬಂದವನು ಎಂದು ಕೂಗಿದ. ರೇಷ್ಮೆ ಸೀರೆಯ ಹೆಂಗಸರು ತಿರುಗಿದರು. ಒಬ್ಬಳು ಫೋನು ಎತ್ತಿ ಹಿಡಿದಳು. ನನ್ನ ಕೈಯಲ್ಲಿ ಪೆನ್ನು, ಮುಂದೆ ಮೇಜಿನ ಮೇಲೆ ಉಳಿದಿದ್ದ ಒಂದೇ ರೂಮಿನ ಕೀ ಕಾರ್ಡು.

"ಮನ್ನಿಚ್ಚುಕ್ಕೋಂಗ ಸಾರ್. ಅವರುಕ್ಕು ಒಣ್ಣುಂ ತೆರಿಯಾದು" ಎಂದೆ. ಕ್ಷಮಿಸಿ, ಅವರಿಗೆ ಏನೂ ಗೊತ್ತಿಲ್ಲ.

ಒಂದು ಗಂಟೆಯ ಹಿಂದೆ ಅಷ್ಟು ಜೋರಾಗಿ ಹೇಳಿದ್ದ ತಂದೆ ಎಂಬ ಮಾತು ಈಗ ಬಾಯಿಗೆ ಬರಲಿಲ್ಲ. ಐವತ್ತು ವರ್ಷ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತವನನ್ನು ಮಗ್ಗದ ಮುಂದೆಯೇ ಏನೂ ಗೊತ್ತಿಲ್ಲದವನು ಎಂದೆ. ಹೇಳಿದ್ದು ತಮಿಳಿನಲ್ಲಿ ಎಂದು ಸಮಾಧಾನ ಮಾಡಿಕೊಳ್ಳುವಂತೆಯೂ ಇಲ್ಲ. ಅಪ್ಪನಿಗೆ ತಮಿಳು ನನಗಿಂತ ಚೆನ್ನಾಗಿ ಬರುತ್ತದೆ.

ಅವನು ಕೈಯಲ್ಲಿದ್ದ ಎಳೆಯನ್ನು ಮುಗಿಸಿದ. ಬ್ಲೇಡನ್ನು ಚೀಲಕ್ಕೆ ಹಾಕಿದ. "ಇನ್ನೂ ಒಂಬತ್ತು ಎಳೆ ಐತೆ" ಎಂದು ಕನ್ನಡದಲ್ಲಿ, ಯಾರಿಗೂ ಅಲ್ಲ ಎನ್ನುವಂತೆ ಹೇಳಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಎದ್ದ. ಮ್ಯಾನೇಜರು ಗೊಣಗಿಕೊಂಡೇ ಕಾರ್ಡು ಕೊಟ್ಟ. ನಾನು ಥ್ಯಾಂಕ್ಯೂ ಅಂದೆ. ಹೌದು, ಅದನ್ನೂ ಅಂದೆ.

ರೂಮು ನಾನು ಅಂದುಕೊಂಡ ಹಾಗೆಯೇ ಇತ್ತು. ಬಿಳಿ ಹಾಸಿಗೆ, ಬಿಸಿನೀರು, ಏಸಿ. ಅಪ್ಪ ನೆಲದ ಮೇಲೆ ಟವೆಲು ಹಾಸಿದ.

"ಮಾವ, ಮೇಲೆ ಮಲಗಿ" ಎಂದ ನನ್ನ ಗಂಡ. ಲಾಬಿಯಲ್ಲಿ ನಡೆದದ್ದು ಅವನಿಗೆ ಗೊತ್ತಿರಲಿಲ್ಲ, ನಾನೂ ಹೇಳಿರಲಿಲ್ಲ.

"ಬೆನ್ನು ಇಡ್ಕೊಂಡೈತಪ್ಪ. ನೆಲಾನೇ ವಾಸಿ."

ಅವನ ಬೆನ್ನಿಗೆ ಏನೂ ಆಗಿರಲಿಲ್ಲ.

ಪಾರ್ಕಿನ ಬಗ್ಗೆ ಬರೆಯಲು ನನ್ನ ಹತ್ತಿರ ಏನೂ ಇಲ್ಲ. ಮಗಳು ನೀರಲ್ಲಿ ಕುಣಿದಳು, ಅಪ್ಪ ನೆರಳಿನಲ್ಲಿ ನಮ್ಮ ಬ್ಯಾಗು ಕಾಯುತ್ತಾ ಕೂತಿದ್ದ. ಎರಡು ಸಲ ಹತ್ತಿರ ಹೋದೆ. ಎರಡು ಸಲವೂ ಕಾಫಿ ಬೇಕಾ ಎಂದು ಕೇಳಿ ವಾಪಸು ಬಂದೆ.

ಬೀದಿಗೆ ಬಂದು ಇಳಿಯುವಾಗ ಎದುರು ಮನೆಯ ಅಕ್ಕ ಜಗಲಿಯಿಂದಲೇ ಕೂಗಿದಳು. "ಏನಣ್ಣೋ, ಓಟ್ಲಲ್ಲಿ ಮಲ್ಗಿ ಬಂದ್ಯಂತಲ್ಲಾ! ಎಂಗಿತ್ತು? ಏಸಿ ಗೀಸಿ ಇತ್ತಾ?"

ಅವಳ ಪಕ್ಕದಲ್ಲಿ ಇನ್ನೂ ಮೂವರು ಕೂತಿದ್ದರು. ನಾನು ಬಯಸಿದ್ದ ಹಾಗೆಯೇ ನಾಲ್ಕು ಜನ.

ಅಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. "ನಂಗೇನ್ ತಿಳೀತದವ್ವಾ. ಓದಿರೋಳು ಅವ್ಳವ್ಳೆ, ಅವ್ಳ್ನೇ ಕೇಳು."

ಎಲ್ಲರೂ ನಕ್ಕರು. ಮಗಳ ಮೇಲಿನ ಹೆಮ್ಮೆಗೆ ಹಾಗಂದ ಎಂದುಕೊಂಡರು. ಅಪ್ಪ ಒಳಗೆ ಹೋದ. ಅವರು ನನ್ನ ಮುಖ ನೋಡುತ್ತಾ ಕಾದರು.

ಚೆನ್ನಾಗಿತ್ತು ಎಂದೆ. ಏಸಿ ಇತ್ತು, ಬಿಸಿನೀರು ಇತ್ತು ಎಂದೆ.