ಬೀಗದಣ್ಣನ ನಂಬರು

ಊರಿನ ಅರ್ಧಕ್ಕರ್ಧ ಮನೆಗಳ ಬಾಗಿಲನ್ನು ಬೀಗದಣ್ಣ ಒಂದಲ್ಲ ಒಂದು ಸಲ ತೆರೆದುಕೊಟ್ಟಿದ್ದ. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಚಪ್ಪಲಿ ಹೊಲಿಯುವವನಿಗೂ ಜೆರಾಕ್ಸ್ ಅಂಗಡಿಗೂ ನಡುವೆ, ಮಂಚದಷ್ಟು ಅಗಲದ ಅವನ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಅದೇ ಜಾಗ, ಅದೇ ಫೋನ್ ನಂಬರು. ಆ ನಂಬರನ್ನೂ ಅಂಗಡಿಯ ವಿಳಾಸವನ್ನೂ ಹಳದಿ ಚೀಟಿಗಳ ಮೇಲೆ ಅಚ್ಚು ಹಾಕಿಸಿ ಮೆಟ್ಟಿಲ ಗೋಡೆ, ಮೀಟರ್ ಪೆಟ್ಟಿಗೆ, ಲಿಫ್ಟಿನ ಪಕ್ಕ ಎಲ್ಲೆಲ್ಲೂ ತಾನೇ ಅಂಟಿಸಿ ಬಂದಿದ್ದ. ಎರಡನೇ ರಿಂಗಿನೊಳಗೆ ಫೋನ್ ಎತ್ತಬೇಕು ಎನ್ನುವುದು ಅವನ ನೇಮ. “ನನಗೆ ಫೋನ್ ಮಾಡೋರು ಆರಾಮಾಗಿ ಕೂತ್ಕೊಂಡು ಮಾಡಲ್ಲ ಕಣೇ, ಬಾಗಿಲಾಚೆ ನಿಂತ್ಕೊಂಡು ಮಾಡ್ತಾರೆ,” ಎಂದು ಹೆಂಡತಿಗೆ ಹೇಳುತ್ತಿದ್ದ.

ಒಂದು ಸೋಮವಾರ ಬೆಳಿಗ್ಗೆ ಅವನು ಕೀಯೊಂದರ ಹಲ್ಲು ಉಜ್ಜುತ್ತಿದ್ದಾಗ ಫೋನ್ ಬಂತು.

“ನಾಚಿಕೆ ಆಗಲ್ವೇನ್ರೀ ನಿಮಗೆ?” ಎಂದಿತು ಗಂಡಸಿನ ದನಿ.

ತಾನು ಹಾಕಿಕೊಟ್ಟ ಬೀಗ ಎಲ್ಲೋ ಕೈಕೊಟ್ಟಿರಬೇಕು ಎಂದುಕೊಂಡ ಬೀಗದಣ್ಣ, “ಯಾವ ಬಾಗಿಲು ಸಾರ್? ಮುಂದಿನದಾ, ಹಿಂದಿನದಾ?” ಎಂದು ಕೇಳಿದ. ಆ ಕಡೆಯವನಿಗೆ ಅದು ಅಣಕದಂತೆ ಕೇಳಿಸಿತೋ ಏನೋ, ಇವನ ಏಳು ತಲೆಮಾರನ್ನೂ ಜಾಲಾಡಿಸಿ ಫೋನ್ ಇಟ್ಟ. ಮಧ್ಯಾಹ್ನದೊಳಗೆ ಅಂಥವೇ ಹತ್ತೊಂಬತ್ತು ಕರೆ ಬಂದವು. ಒಬ್ಬಳು ಬೈದಳು, ಒಬ್ಬ ಅತ್ತ, ಇನ್ನೊಬ್ಬ ಒಂದೂ ಮಾತಾಡದೆ ಬರೀ ಉಸಿರು ಬಿಟ್ಟ.

ಸಂಜೆ ಮಗಳು ವಿಚಾರ ಬಿಡಿಸಿ ಹೇಳಿದಳು. ಹಲ್ಲಿನ ಡಾಕ್ಟರ ಹತ್ತಿರ ಕೌಂಟರಿನಲ್ಲಿ ಕೂರುವವಳು, ಫೋನಿನ ಸಂಗತಿ ಬಲ್ಲವಳು. “ಅಪ್ಪಾ, ಯಾರೋ ಕಳ್ಳರು ಕರೆಂಟು ಕಟ್ ಮಾಡ್ತೀವಿ ಅಂತ ಜನರನ್ನ ಹೆದರಿಸಿ ಬ್ಯಾಂಕಿನ ಗುಟ್ಟು ಕೇಳ್ತಿದ್ದಾರೆ. ಫೋನ್ ಮಾಡೋದು ಅವರು, ಕಾಣಿಸೋದು ನಿನ್ನ ನಂಬರು. ಮೋಸ ಹೋದವರು ತಿರುಗಿ ಮಾಡಿದ್ರೆ ಸಿಗೋನು ನೀನು.”

“ನನ್ನದೇ ಯಾಕಂತೆ?”

“ಯಾಕೂ ಇಲ್ಲ. ಯಾವುದೋ ಒಂದು ಬೇಕಿತ್ತು ಅವರಿಗೆ.”

ಈ ಉತ್ತರ ಅವನಿಗೆ ಎಲ್ಲ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಮರುದಿನ ಫೋನ್ ಕಂಪನಿಯ ಕಚೇರಿಗೆ ಹೋದ. ನಂಬರು ಬದಲಾಯಿಸಿ ಎಂದಳು ಅಲ್ಲಿದ್ದ ಹುಡುಗಿ. ಊರ ತುಂಬ ಅಂಟಿಸಿದ ಚೀಟಿಗಳನ್ನು ಬದಲಾಯಿಸುವುದು ಹೇಗೆ? ಹಾಗಾದರೆ ಗೊತ್ತಿಲ್ಲದವರ ಕರೆ ಎತ್ತಬೇಡಿ ಎಂದಳು. “ಗೊತ್ತಿಲ್ಲದವರೇ ನನ್ನ ಗಿರಾಕಿಗಳಮ್ಮಾ,” ಎಂದ ಬೀಗದಣ್ಣ. ಅವಳು ಪಾಪ, ಮುಂದಿನ ಟೋಕನ್ನಿನವರನ್ನು ಕರೆದಳು. ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಂಡರು. ಬರೆದುಕೊಂಡವನು ಅವನ ಕೈಪೆಟ್ಟಿಗೆಯಲ್ಲಿದ್ದ ಕೊಕ್ಕೆ, ತಂತಿಗಳನ್ನೇ ದಿಟ್ಟಿಸುತ್ತ, “ಫೋನ್ ಮಾತ್ರ ಆಫ್ ಮಾಡ್ಬೇಡಿ. ನಾವು ಯಾವಾಗ ಬೇಕಾದ್ರೂ ಕರೀತೀವಿ, ಯಾವ ನಂಬರಿಂದ ಬೇಕಾದ್ರೂ ಕರೀತೀವಿ,” ಎಂದ.

ಅಲ್ಲಿಗೆ ಎತ್ತುವಂತಿಲ್ಲ, ಬಿಡುವಂತಿಲ್ಲ ಎಂಬಂತಾಯಿತು. ಊಟದ ತಟ್ಟೆಯ ಮುಂದೆ ಕೂತರೂ ಫೋನ್ ಎಡಗೈಯಲ್ಲೇ ಇರುತ್ತಿತ್ತು. “ನಮಸ್ಕಾರ, ನಾನು ಬೀಗ ರಿಪೇರಿಯವನು, ನಿಮಗೆ ಫೋನ್ ಮಾಡಿದ್ದು ನಾನಲ್ಲ” ಎಂದು ದಿನಕ್ಕೆ ಐವತ್ತು ಸಲ ಹೇಳಿ ಹೇಳಿ, ಒಮ್ಮೆ ಬಾಗಿಲು ತಟ್ಟಿದ ಸ್ವಂತ ಅತ್ತೆಗೂ ಅದನ್ನೇ ಹೇಳಿಬಿಟ್ಟ. ಹೆಂಡತಿ ಬಿದ್ದು ಬಿದ್ದು ನಕ್ಕಳು. ಅವನಿಗೆ ನಗು ಬರಲಿಲ್ಲ.

ಎರಡನೇ ವಾರ ಇನ್ನೊಂದು ಶುರುವಾಯಿತು. ಮೋಸ ಹೋದವರೆಲ್ಲ ಸೇರಿ ಅವನ ನಂಬರಿಗೆ ಗುರುತು ಹಾಕಿದ್ದರು. ಅವನು ಯಾರಿಗೇ ಫೋನ್ ಮಾಡಿದರೂ ಅವರ ಪರದೆಯ ಮೇಲೆ ‘ಮೋಸದ ಕರೆ’ ಎಂದು ಕೆಂಪಕ್ಷರ ಮೂಡುತ್ತಿತ್ತು. ಬೀರುವಿನ ಬೀಗ ಕೆಟ್ಟಿದೆ ಬನ್ನಿ ಎಂದು ಕರೆದ ಹೆಂಗಸಿನ ಮನೆಯ ಕೆಳಗೆ ನಿಂತು, ಬಂದೆ ಎಂದು ತಿಳಿಸಲು ಫೋನ್ ಮಾಡಿದ. ಆಕೆ ಬಾಲ್ಕನಿಗೆ ಬಂದು, ಫೋನ್ ನೋಡಿ, ಮುಖ ಗಂಟಿಕ್ಕಿ ಕರೆ ಕತ್ತರಿಸಿದ್ದನ್ನು ಕೆಳಗಿನಿಂದ ಕಣ್ಣಾರೆ ಕಂಡ. ಕೂಗಬಹುದಿತ್ತು. ಕೂಗದೆ ಪೆಟ್ಟಿಗೆ ಎತ್ತಿಕೊಂಡು ಬಂದುಬಿಟ್ಟ.

ಆ ಬೈಗುಳದ ಕರೆಗಳ ನಡುವೆ ಬೈಯದ ಒಂದು ಹೆಂಗಸಿನ ದನಿಯಿತ್ತು. ದಿನಾ ಹತ್ತು ಗಂಟೆಗೆ ಬರುತ್ತಿತ್ತು. “ನನ್ನ ದುಡ್ಡು ವಾಪಸ್ ಕೊಡಬೇಡಿ. ನಮ್ಮ ಮನೆಯವರ ಹೆಸರು ನಿಮಗೆ ಹೇಗೆ ಗೊತ್ತಾಯ್ತು, ಅಷ್ಟು ಹೇಳಿ. ಅವರು ಹೋಗಿ ನಾಲ್ಕು ವರ್ಷ ಆಯ್ತು.” ಇವನು ಎಷ್ಟು ಹೇಳಿದರೂ ಆಕೆ ನಂಬಲಿಲ್ಲ. ಐದನೇ ದಿನ ಅಂಗಡಿಗೇ ಬಂದರು. ಶಾಲೆಯೊಂದರ ಲೈಬ್ರರಿಯಲ್ಲಿ ಮೂವತ್ತು ವರ್ಷ ದುಡಿದವರು; ಮೀಟರ್ ಪೆಟ್ಟಿಗೆಯ ಚೀಟಿ ನೋಡಿ ವಿಳಾಸ ಹಿಡಿದಿದ್ದರು. ಕೀಗಳ ಗೊಂಚಲು ನೇತಾಡುವ ಗೋಡೆಯನ್ನೂ, ಅರದ ಪುಡಿ ಮೆತ್ತಿದ ಅವನ ಬೆರಳುಗಳನ್ನೂ ನೋಡುತ್ತ ನಿಂತರು.

ಅಷ್ಟರಲ್ಲಿ ಫೋನ್ ಬಂತು. ಬೀಗದಣ್ಣನಿಗೆ ಸಾಕುಸಾಕಾಗಿತ್ತು. “ತಗೊಳ್ಳಿ ಮೇಡಂ, ನೀವೇ ಎತ್ತಿ. ನಾನೇನು ಕೇಳಿಸ್ಕೊತೀನಿ ಅಂತ ನೀವೂ ಒಂದು ಸಲ ಕೇಳಿ,” ಎಂದು ಅವರ ಕೈಗೇ ಕೊಟ್ಟ.

ಆ ಕಡೆಯಿಂದ ಬೈಗುಳ ಸುರಿಯಿತು. ಲೈಬ್ರರಿ ಮೇಡಂ ಕೊನೆಯವರೆಗೂ ಕೇಳಿ, “ಹೌದು ಕಣಪ್ಪ, ನನಗೂ ಹಾಗೇ ಆಯ್ತು,” ಎಂದರು. ಬೈಗುಳ ನಿಂತಿತು. ಆಮೇಲೆ ಕಾಲು ಗಂಟೆ ಇಬ್ಬರೂ ಮಾತಾಡಿದರು.

ಅಂದಿನಿಂದ ಅವರು ದಿನಾ ಬರತೊಡಗಿದರು. ಸ್ಟೂಲಿನ ಮೇಲೆ ಕೂತು ಫೋನ್ ನೋಡಿಕೊಂಡರೆ ಇವನು ಕೆಲಸ ಮಾಡುತ್ತಿದ್ದ. “ಮನೇಲಿ ನಾನೊಬ್ಬಳು ದಡ್ಡಿ. ಇಲ್ಲಿ ಫೋನ್ ಮಾಡೋರೆಲ್ಲ ನನ್ನ ಹಾಗೇ,” ಎಂದರು ಒಮ್ಮೆ.

ಒಂಬತ್ತನೇ ದಿನ ಅವರ ಮಗ ಹುಡುಕಿಕೊಂಡು ಬಂದ. ಬಸ್ ಡಿಪೋದ ಖಾಕಿಯಲ್ಲೇ ಇದ್ದ. ಅಂಗಡಿಯ ಬೋರ್ಡಿನ ನಂಬರನ್ನೂ ತಾಯಿಯ ಕೈಯಲ್ಲಿದ್ದ ಫೋನನ್ನೂ ನೋಡಿ ಅವನ ಮುಖ ಬಿಳಿಚಿತು. “ಇದೇ ನಂಬರಲ್ವೇನಮ್ಮ? ಆ ಕಳ್ಳನ ಅಂಗಡೀಲಿ ಬಂದು ಕೂತಿದ್ದೀಯಾ?” ಬೀಗದಣ್ಣ ದೂರಿನ ಪ್ರತಿ ತೋರಿಸಿದ. ಮಗ ಕಣ್ಣೆತ್ತಿಯೂ ನೋಡದೆ ತಾಯಿಯ ರಟ್ಟೆ ಹಿಡಿದು ಎಬ್ಬಿಸಿಕೊಂಡು ಹೋದ.

ಮೂರು ದಿನ ಸುದ್ದಿಯಿಲ್ಲ. ನಾಲ್ಕನೇ ದಿನ ಹನ್ನೊಂದು ಗಂಟೆಗೆ ಮೇಡಂ ಮನೆಯ ಹಳೇ ಫೋನಿನಿಂದ ಕರೆ ಮಾಡಿದರು.

“ಒಂದು ಬಾಗಿಲು ತೆಗೀಬೇಕಿತ್ತಪ್ಪ.”

“ಬಂದೆ ಮೇಡಂ. ಹೊರಗೆ ನಿಂತಿದ್ದೀರಾ?”

“ಒಳಗಿದ್ದೀನಿ. ಮಗ ಹೊಸ ಬೀಗ ಹಾಕ್ಸಿ, ಹೊರಗಿಂದ ಕೀ ತಿರುಗಿಸ್ಕೊಂಡು ಡ್ಯೂಟಿಗೆ ಹೋಗ್ತಾನೆ.”

ಬೀಗದಣ್ಣ ಲೆಕ್ಕ ಹಾಕಿದ. ಠಾಣೆಯಲ್ಲಿ ಹೆಸರು ಬರೆದಿದೆ. ಊರೆಲ್ಲ ಕಳ್ಳನೆಂದು ಗುರುತು ಹಾಕಿದೆ. ಈಗ ಮಗನಿಲ್ಲದ ಹೊತ್ತಿನಲ್ಲಿ ಹೋಗಿ ಬೀಗ ಬಿಚ್ಚಬೇಕು. ಪೆಟ್ಟಿಗೆ ಮುಚ್ಚಿದ, ತೆಗೆದ, ಮತ್ತೆ ಮುಚ್ಚಿದ. ಕೊನೆಗೆ ಅವರು ಹೇಳಿದ ವಿಳಾಸಕ್ಕೆ ಹೊರಟ.

ಮೂರನೇ ಮಹಡಿ. ಪೆಟ್ಟಿಗೆ ಇಳಿಸುವಷ್ಟರಲ್ಲಿ ಎದುರು ಮನೆಯಾಕೆ ಹೊರಬಂದು, “ಯಾರ್ರೀ ನೀವು?” ಎಂದಳು.

“ಬೀಗದವನಮ್ಮ. ದಯವಿಟ್ಟು ನೀವು ಒಳಗೆ ಹೋಗ್ಬೇಡಿ. ನಾನೇನು ಮಾಡ್ತೀನಿ ಅಂತ ಇಲ್ಲೇ ನಿಂತ್ಕೊಂಡು ನೋಡಿ.”

ಬಾಗಿಲ ಹಿಂದಿನಿಂದ ಮೇಡಂ, “ನಾನೇ ಕರೆಸಿದ್ದು!” ಎಂದು ಕೂಗಿದರು. ಎದುರು ಮನೆಯಾಕೆ ಸೊಂಟಕ್ಕೆ ಕೈಯಿಟ್ಟು ನಿಂತೇ ಇದ್ದಳು. ಎರಡು ನಿಮಿಷದ ಬೀಗಕ್ಕೆ ಕಾಲು ಗಂಟೆ ಹಿಡಿಯಿತು. ಪ್ರತಿ ಸಲ ಕೊಕ್ಕೆ ಬದಲಿಸುವಾಗಲೂ ಅವನು ಆಕೆಗೆ ತೋರಿಸಿಯೇ ಹಾಕುತ್ತಿದ್ದ.

ಬಾಗಿಲು ತೆರೆಯಿತು. ಮೇಡಂ ಚಪ್ಪಲಿ ಮೆಟ್ಟಿ, ಒಂದು ಸಾಲು ಮೆಟ್ಟಿಲಿಳಿದು, ಅಲ್ಲಿದ್ದ ಕಿಟಕಿಯ ಹತ್ತಿರ ನಿಂತು ರಸ್ತೆ ನೋಡಿದರು. ಆಮೇಲೆ ತಿರುಗಿ ಹತ್ತಿ ಬಂದರು.

“ಎಲ್ಲಿಗೆ ಹೋಗ್ಬೇಕಿತ್ತು ಮೇಡಂ?”

“ಎಲ್ಲಿಗೂ ಇಲ್ಲ. ಹೋಗೋಕಾಗುತ್ತಾ ಅಂತ ನೋಡ್ಬೇಕಿತ್ತು.” ಒಳಗೆ ಹೋಗಿ, “ಈಗ ಮತ್ತೆ ಹಾಕಿಬಿಡಿ. ಮೂರಕ್ಕೆ ಅವನು ಬರ್ತಾನೆ. ಕೆಟ್ಟವನಲ್ಲ, ಹೆದರಿಬಿಟ್ಟಿದ್ದಾನೆ,” ಎಂದರು.

ಒಳಗೆ ಮನುಷ್ಯರಿರುವಾಗ ಬೀಗ ಹಾಕುವ ಕೆಲಸ ಬೀಗದಣ್ಣ ಎಂದೂ ಮಾಡಿದವನಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು, ಹೊಸ ಕೀಯೊಂದನ್ನು ಬೀಗಕ್ಕೆ ಹಾಕಿ ನೋಡುತ್ತ, ಉಜ್ಜುತ್ತ, ಎರಡೂ ಕಡೆಯಿಂದ ತಿರುಗುವಂತೆ ಮಾಡಿ ಅವರ ಅಂಗೈಯಲ್ಲಿಟ್ಟ. “ನೀವೇ ಹಾಕ್ಕೊಳ್ಳಿ. ನಾನು ಹಾಕಲ್ಲ.” ಮೇಡಂ ಅದನ್ನು ಉಪ್ಪಿನ ಡಬ್ಬಿಯಲ್ಲಿ ಹುಗಿದಿಟ್ಟರು. ಎದುರು ಮನೆಯಾಕೆ, “ನಾನೇನೂ ನೋಡಿಲ್ಲಪ್ಪ,” ಎಂದು ಬಾಗಿಲು ಹಾಕಿಕೊಂಡಳು.

ಏಳನೇ ವಾರ ಬೈಗುಳದ ಕರೆಗಳು, ಬಂದ ಹಾಗೇ ಇದ್ದಕ್ಕಿದ್ದಂತೆ ನಿಂತವು. ಕಳ್ಳರಿಗೆ ಇನ್ಯಾರದೋ ನಂಬರು ಸಿಕ್ಕಿರಬೇಕು. ಮಗನ ಬೆಳಗಿನ ಪಾಳಿಯಿದ್ದ ದಿನ ಮೇಡಂ ಈಗಲೂ ಬರುತ್ತಾರೆ. ಎರಡೂವರೆಯಾಗುತ್ತಲೇ ಎದ್ದು ಓಡುತ್ತಾರೆ. ಕೆಂಪಕ್ಷರ ಮಾತ್ರ ಅಳಿಸಿಹೋಗಿಲ್ಲ. ಗಿರಾಕಿಗಳೂ ಕಡಿಮೆಯಾಗಿ, ಎಷ್ಟೋ ಹೊತ್ತು ಫೋನ್ ಸುಮ್ಮನೆ ಬಿದ್ದಿರುತ್ತದೆ. ಕೆಟ್ಟಿದೆಯೇನೋ ಎಂಬ ಅನುಮಾನಕ್ಕೆ ಬೀಗದಣ್ಣ ದಿನಕ್ಕೊಮ್ಮೆ ಹೆಂಡತಿಯಿಂದ ಕರೆ ಮಾಡಿಸುತ್ತಾನೆ. ರಿಂಗಾಗುತ್ತದೆ. ಎತ್ತಿದರೆ ಅವಳು, “ಸರಿಯಾಗಿದೆ, ಇಡಿ,” ಎನ್ನುತ್ತಾಳೆ.